ಯುದ್ಧ ಕಂಡ ಊರಿನ ರೈತರಿಗೆ ಸರಳ ಹನಿ ನೀರಾವರಿ ಕಲಿಸಬೇಕಿದೆ: ನಮ್ಮ ಕಡೆಯ ಅನುಭವ ಹೇಳಿ

ರಾಣೆಬೆನ್ನೂರು_ಹುಡುಗ

ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಈಗ ಊರಲ್ಲಿ ಮನೆಯವರ ಜೊತೆ ಟೊಮೆಟೊ, ಮೆಣಸಿನಕಾಯಿ ಬೀಜೋತ್ಪಾದನೆ ಮಾಡುತ್ತಿದ್ದೇನೆ. ಒಂದು ಸೇವಾ ಸಂಸ್ಥೆಯ ಪರವಾಗಿ ನವೆಂಬರ್ ಕೊನೆಗೆ ದಕ್ಷಿಣ ಸುಡಾನಿಗೆ ಹೋಗುವವನಿದ್ದೇನೆ. ಜೋಂಗ್ಲೆ ರಾಜ್ಯದ ಬೋರ್ ಪಟ್ಟಣದ ಸುತ್ತಮುತ್ತ, ಬಿಳಿ ನೈಲ್ ನದಿಯ ದಂಡೆಯ ಹಳ್ಳಿಗಳಲ್ಲಿ ಕೆಲಸ.

ಆ ದೇಶ ಸ್ವತಂತ್ರವಾದದ್ದು 2011ರ ಜುಲೈ 9ರಂದು. ಎರಡೂವರೆ ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಶಾಂತಿ ಒಪ್ಪಂದವಾದರೂ ದನ ಲೂಟಿ, ಸೇಡಿನ ದಾಳಿಗಳು ನಿಂತಿಲ್ಲ. ಮೇಲಿಂದ 2019ರಿಂದ ವರ್ಷ ವರ್ಷ ಬಂದ ಮಹಾಪೂರಗಳು. ಮಳೆಗಾಲದಲ್ಲಿ ನೆಲವೆಲ್ಲ ನೀರು, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹಸಿರೇ ಇಲ್ಲ. ಆ ಒಣ ತಿಂಗಳುಗಳಲ್ಲಿ ಮನೆ ಪಕ್ಕದಲ್ಲಿ ಬೆಂಡೆ, ಬದನೆ, ಸೊಪ್ಪು ಬೆಳೆದುಕೊಳ್ಳುವಂತೆ ಕಲಿಸಬೇಕು.

ನಮಗೆ ಕೊಟ್ಟಿರುವ ಮಾದರಿ ಬಕೆಟ್ ಡ್ರಿಪ್. 20 ಲೀಟರ್ ಬಕೆಟ್, ಒಂದು ಮೀಟರ್ ಎತ್ತರದ ಕಟ್ಟೆ, 15 ಮೀಟರ್ ಉದ್ದದ ಎರಡು ಸಾಲು ಪೈಪು. ಮೋಟಾರ್ ಇಲ್ಲ, ಕರೆಂಟ್ ಇಲ್ಲ. ನನಗೆ ಇಲ್ಲಿ ಪ್ರೆಶರ್ ಇರುವ ಡ್ರಿಪ್ ಮಾತ್ರ ಗೊತ್ತು. ಇದು ನಿಜವಾಗಿ ನಡೆಯುತ್ತದೆಯೇ? ಪೈಪಿನ ತೂತು ಕಟ್ಟಿಕೊಂಡರೆ ಏನು ಮಾಡುವುದು? ನಾವು ವಾಪಸ್ ಬಂದ ಮೇಲೂ ಅದು ಉಳಿಯಬೇಕಾದರೆ ಹೇಗೆ ಕಲಿಸಬೇಕು? ದಯವಿಟ್ಟು ಬಿಡಿಸಿ ಹೇಳಿ.

ಎರೆಹೊಲ_ನವಲಗುಂದ

ಮೊದಲು ಮಣ್ಣು ಯಾವುದು ಹೇಳು ತಮ್ಮಾ. ಮಣ್ಣು ತಿಳಿಯದೆ ಪೈಪಿನ ಮಾತು ಬೇಡ.

ರಾಣೆಬೆನ್ನೂರು_ಹುಡುಗ

ಬಹುಪಾಲು ಕಪ್ಪು ಮಣ್ಣು, ಯಜಮಾನರೇ. ನಿಮ್ಮ ಕಡೆಯದೇ ಜಾತಿ. ಒಣಗಿದರೆ ಬಿರಿಯುತ್ತದೆ, ನೆನೆದರೆ ಕಾಲು ಕೀಳಲಾಗುವುದಿಲ್ಲ. ನದಿ ದಂಡೆಯಲ್ಲಿ ಅಲ್ಲಲ್ಲಿ ಮರಳು ಬೆರೆತ ಮಣ್ಣೂ ಇದೆಯಂತೆ.

ಎರೆಹೊಲ_ನವಲಗುಂದ

ಹಾಗಾದರೆ ನನ್ನ ಮಾತು ಕೇಳು. ಎರೆ, ಅಂದರೆ ಈ ಕಪ್ಪು ಮಣ್ಣು, ನೀರನ್ನು ನಿಧಾನವಾಗಿ ಕುಡಿಯುತ್ತದೆ, ಕುಡಿದದ್ದನ್ನು ಬೇಗ ಬಿಡುವುದಿಲ್ಲ. ಮಸಾರಿಯಲ್ಲಿ, ಅಂದರೆ ಮರಳು ಬೆರೆತ ಕೆಂಪು ಮಣ್ಣಿನಲ್ಲಿ, ಹನಿ ನೇರ ಕೆಳಗೆ ಇಳಿದುಹೋದರೆ, ಎರೆಯಲ್ಲಿ ಅಡ್ಡಕ್ಕೆ ಹರಡುತ್ತದೆ. ಅದಕ್ಕೇ ಎರೆ ಹೊಲದಲ್ಲಿ ತೂತುಗಳು ದೂರ ದೂರ ಇದ್ದರೂ ನಡೆಯುತ್ತದೆ, ಎರಡು ಅಡಿ ಅಂತರ ಸಾಕು. ಮರಳು ಮಣ್ಣಿಗೆ ಒಂದು ಅಡಿಗೊಂದು ಬೇಕು. ನಿನ್ನ ಬಕೆಟ್ಟಿನ ಹರಿವು ಕಡಿಮೆ ಎಂದು ಹೆದರಬೇಡ. ಎರೆಗೆ ಕಡಿಮೆ ಹರಿವೇ ಒಳ್ಳೆಯದು, ಜೋರಾಗಿ ಬಿಟ್ಟರೆ ಮೇಲೇ ನಿಲ್ಲುತ್ತದೆ.

ಆದರೆ ಒಂದು ಅಪಾಯವಿದೆ. ಮಣ್ಣು ಪೂರ್ತಿ ಬಿರಿದ ಮೇಲೆ ಪೈಪು ಹಾಸಿದರೆ ಹನಿಯೆಲ್ಲ ಬಿರುಕಿನೊಳಗೆ ಹೋಗಿ ಬೇರಿಗೆ ಸಿಗುವುದಿಲ್ಲ. ಮಳೆ ನಿಂತು ನೆಲದಲ್ಲಿ ಇನ್ನೂ ಹದ ಇರುವಾಗಲೇ ಮಡಿ ಕಟ್ಟಿ, ಗೊಬ್ಬರ ಬೆರೆಸಿ, ಮೇಲೆ ಹುಲ್ಲು ಮುಚ್ಚಿಬಿಡಬೇಕು. ಒಮ್ಮೆ ಬಿರಿಯಲು ಬಿಟ್ಟರೆ ಆ ಹಂಗಾಮು ಹೋಯಿತೆಂದೇ ತಿಳಿ. ನೀನು ನವೆಂಬರ್ ಕೊನೆಗೆ ಹೋಗುವುದು ತಡವೇ ಆಯಿತು. ಮಡಿ ಕಟ್ಟಲು ಈಗಲೇ ಅಲ್ಲಿನವರಿಗೆ ಹೇಳಿ ಕಳಿಸು.

ಇನ್ನೊಂದು ಮಾತು. ಮಲಪ್ರಭಾ ಕಾಲುವೆ ಬಂದಾಗ ನಮ್ಮ ಕಡೆ ನೀರು ಸಿಕ್ಕಿತೆಂದು ಎರೆ ಹೊಲಕ್ಕೆ ಮನಸ್ಸಿಗೆ ಬಂದಂತೆ ಹಾಯಿಸಿದರು. ಎಷ್ಟೋ ಹೊಲ ಉಪ್ಪೇರಿ ಸವಳು ಹಿಡಿದವು. ಹನಿ ನೀರಾವರಿ ಕಲಿಸುವಾಗ ಇದನ್ನೂ ಹೇಳು. ನೀರು ಹೆಚ್ಚಾದರೂ ನೆಲ ಕೆಡುತ್ತದೆ.

ಡ್ರಿಪ್_ಅಂಗಡಿ_ಗದಗ

ವರ್ಷಗಟ್ಟಲೆ ಹೊಲಗಳಿಗೆ ಡ್ರಿಪ್ ಕೂರಿಸಿದ ಅನುಭವದಿಂದ ಹೇಳುತ್ತೇನೆ. ಪೈಪಿನಿಂದ ಹನಿ ಬಿಡುವ ನಮ್ಮ ಡ್ರಿಪ್ಪರ್‌ಗಳನ್ನು ಒಂದು ಕೆಜಿ ಪ್ರೆಶರ್‌ಗೆ ಮಾಡಿರುತ್ತಾರೆ. ಅಂದರೆ 10 ಮೀಟರ್ ಎತ್ತರದ ಟ್ಯಾಂಕು. ನೀವು ಒಂದು ಮೀಟರ್ ಎತ್ತರಕ್ಕೆ ಬಕೆಟ್ ಇಟ್ಟರೆ ಹತ್ತರಲ್ಲಿ ಒಂದು ಪಾಲು ನೀರು ಬರುತ್ತದೆ, ಅಷ್ಟೇ. ಕೊನೆಯ ಗಿಡಕ್ಕೆ ತಲುಪುವುದೇ ಇಲ್ಲ. ಕರೆಂಟ್ ಇಲ್ಲದಿದ್ದರೆ ಡ್ರಿಪ್ಪಿನ ಗೋಜಿಗೆ ಹೋಗಬೇಡಿ.

ನೀರುಲೆಕ್ಕ_ಧಾರವಾಡ

ಅಂಗಡಿಯವರ ಲೆಕ್ಕ ತಪ್ಪಿದೆ. ಸಾಧಾರಣ ಡ್ರಿಪ್ಪರ್‌ನಲ್ಲಿ ಹರಿವು ಪ್ರೆಶರ್‌ನ ವರ್ಗಮೂಲದಂತೆ ಇಳಿಯುತ್ತದೆ, ನೇರವಾಗಿ ಅಲ್ಲ. 10 ಮೀಟರ್ ಎತ್ತರಕ್ಕೆ ಗಂಟೆಗೆ 4 ಲೀಟರ್ ಕೊಡುವ ಡ್ರಿಪ್ಪರ್, ಒಂದು ಮೀಟರ್ ಎತ್ತರಕ್ಕೆ ಸುಮಾರು ಒಂದೂಕಾಲು ಲೀಟರ್ ಕೊಡುತ್ತದೆ. ಸೊಪ್ಪು ತರಕಾರಿಗೆ ಅದು ಧಾರಾಳ. ಪ್ರೆಶರ್ ಸರಿದೂಗಿಸುವ ಪಿಸಿ ಡ್ರಿಪ್ಪರ್ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು, ಅಷ್ಟು ಕಡಿಮೆ ಒತ್ತಡಕ್ಕೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ತೊಂದರೆ ಇರುವುದು ನೆಲದ ಏರುಪೇರಿನಲ್ಲಿ. ಇರುವುದೇ 100 ಸೆಂಟಿಮೀಟರ್ ಎತ್ತರ. ನೆಲ 20 ಸೆಂಟಿಮೀಟರ್ ಏರಿದರೆ ಐದರಲ್ಲಿ ಒಂದು ಪಾಲು ಒತ್ತಡ ಹೋಯಿತು. ನಮ್ಮ ಮೋಟಾರ್ ಡ್ರಿಪ್‌ನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಮೊದಲ ಪಾಠ ಮಟ್ಟ ನೋಡುವುದಾಗಿರಲಿ. ಗೌಂಡಿಗಳು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿಯುತ್ತಾರಲ್ಲ, ಅದನ್ನೇ ಕಲಿಸಿ. ಅಕ್ಷರ ಬೇಡ, ಭಾಷೆ ಬೇಡ, ಕಣ್ಣಿಗೆ ಕಾಣುತ್ತದೆ.

ಡ್ರಿಪ್_ಅಂಗಡಿ_ಗದಗ

ವರ್ಗಮೂಲದ ಮಾತು ಸರಿ ಸರ್. ಆದರೆ ಹರಿವು ನಿಧಾನವಾದಷ್ಟೂ ಕಸ ಕೂರುವುದು ಹೆಚ್ಚು. ಪ್ರೆಶರ್ ಇದ್ದರೆ ಸಣ್ಣ ಕಸವನ್ನು ನೀರೇ ತಳ್ಳಿಕೊಂಡು ಹೋಗುತ್ತದೆ. ಬಕೆಟ್ಟಿನಲ್ಲಿ ಆ ಬಲ ಎಲ್ಲಿದೆ? ಅದಕ್ಕೆ ಉತ್ತರ ಹೇಳಿ.

ನರಗುಂದದ_ಮಗ

ನನಗೆ ಒಂದು ಅರ್ಥವಾಗುತ್ತಿಲ್ಲ. ಮಹದಾಯಿ ನದಿ ನೀರಿನ ನ್ಯಾಯಮಂಡಳಿ 2018ರಲ್ಲಿ ನಮಗೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. 2015ರಿಂದ ನಮ್ಮ ರೈತರು ನರಗುಂದದಲ್ಲಿ ಧರಣಿ ಕೂತರು. ನಮ್ಮ ಹೊಲಗಳೇ ಒಣಗಿರುವಾಗ, ಇಲ್ಲಿ ಓದಿದ ಹುಡುಗ ಆಫ್ರಿಕಾಕ್ಕೆ ನೀರಾವರಿ ಕಲಿಸಲು ಹೋಗಬೇಕೇ? ನಮ್ಮ ಹಳ್ಳಿಗೆ ಬಂದು ಕಲಿಸಲಿ.

ಮೇಷ್ಟ್ರು_ಕುಂದಗೋಳ

ನಿಮ್ಮ ಸಂಕಟ ನ್ಯಾಯವಾದದ್ದು. ಆದರೆ ಒಬ್ಬ ಹುಡುಗ ಹೋದದ್ದರಿಂದ ಮಹದಾಯಿ ನೀರು ತಡವಾಗುವುದಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಇವತ್ತಿಗೂ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತೇವೆ. ರೈತನ ಹೊಲದಲ್ಲಿ ಗುಂಡಿನ ಸದ್ದು ಕೇಳಿದರೆ ಏನಾಗುತ್ತದೆಂದು ಬಲ್ಲ ನೆಲ ನಮ್ಮದು. ಅಂಥದ್ದೇ ಸದ್ದು ವರ್ಷಗಟ್ಟಲೆ ಕೇಳಿದ ಊರಿಗೆ ನಮ್ಮವನೊಬ್ಬ ಹೋಗುತ್ತಾನೆಂದರೆ ನನಗೆ ಹೆಮ್ಮೆ.

ನರಗುಂದದ_ಮಗ

ಹೆಮ್ಮೆ ನನಗೂ ಇದೆ ಗುರುಗಳೇ. ಆದರೆ ವಾಪಸ್ ಬಂದ ಮೇಲೆ ನಮ್ಮ ಒಣ ಬೇಸಾಯದ ಹಳ್ಳಿಗಳಲ್ಲೂ ಒಂದು ಹಂಗಾಮು ಇದನ್ನೇ ಮಾಡಿ ತೋರಿಸಬೇಕು. ಬೋರ್‌ವೆಲ್ ಬತ್ತಿದ ಮನೆಗಳು ನಮ್ಮಲ್ಲೂ ಇವೆ, ಬಕೆಟ್ ಡ್ರಿಪ್ ನಮಗೂ ಬೇಕು.

ವೇದಿಕೆ_ನಿರ್ವಾಹಕ

ಮಹದಾಯಿಗೆ ಬೇರೆ ಚರ್ಚೆ ತೆರೆದಿದೆ, ಅಲ್ಲಿ ಮುಂದುವರಿಸಿ. ಇಲ್ಲಿ ಹುಡುಗನ ಪ್ರಶ್ನೆಗೆ ಉತ್ತರ ಕೊಡೋಣ.

ಮಾಜಿ_ಸೈನಿಕ_ಹಾವೇರಿ

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಭಾರತದ ತುಕಡಿಯ ಜೊತೆ ಜೋಂಗ್ಲೆಯಲ್ಲಿ ಇದ್ದವನು ನಾನು. 2013ರ ಏಪ್ರಿಲ್‌ನಲ್ಲಿ ಅದೇ ರಾಜ್ಯದಲ್ಲಿ ಹೊಂಚುದಾಳಿಗೆ ನಮ್ಮ ಐವರು ಯೋಧರು ಬಲಿಯಾದರು. ಆ ನೆಲದ ಬಗ್ಗೆ ನನಗೆ ಪ್ರೀತಿಯೂ ಇದೆ, ಎಚ್ಚರವೂ ಇದೆ. ತಮ್ಮಾ, ಪೈಪಿನ ಲೆಕ್ಕ ಇವರೆಲ್ಲ ಹೇಳುತ್ತಾರೆ. ನಾನು ಉಳಿದದ್ದು ಹೇಳುತ್ತೇನೆ.

ಮೊದಲನೆಯದು, ನೆಲ ಅಗೆಯುವುದು. ನೆಲಬಾಂಬು, ಸಿಡಿಯದೆ ಉಳಿದ ಮದ್ದುಗುಂಡು ಆ ದೇಶದಲ್ಲಿ ಇನ್ನೂ ಇವೆ. ತಲೆಬುರುಡೆ ಬರೆದ ಕೆಂಪು ಫಲಕ ಕಂಡರೆ ಅದರಾಚೆ ಒಂದು ಹೆಜ್ಜೆಯೂ ಬೇಡ. ಫಲಕ ಇಲ್ಲವೆಂದರೆ ಅಪಾಯ ಇಲ್ಲವೆಂದಲ್ಲ. ಜನ ಈಗಾಗಲೇ ಉತ್ತು ಬಿತ್ತು ಓಡಾಡುತ್ತಿರುವ ಹಿತ್ತಿಲಲ್ಲಿ ಮಾತ್ರ ಮಡಿ ಮಾಡಿಸು. ಹೊಸ ಜಾಗ ಅಗೆಯುವ ಮೊದಲು ವಿಶ್ವಸಂಸ್ಥೆಯ ನೆಲಬಾಂಬು ತೆರವು ವಿಭಾಗದವರನ್ನು ಕೇಳಲೇಬೇಕು. ಬಕೆಟ್ ಡ್ರಿಪ್ಪಿನಲ್ಲಿ ನನಗೆ ಹಿಡಿಸಿದ್ದು ಇದೇ: ಪೈಪು ಹೂಳುವ ಕೆಲಸವಿಲ್ಲ, ಕಾಲುವೆ ತೋಡುವ ಕೆಲಸವಿಲ್ಲ.

ಎರಡನೆಯದು, ಓಡುವುದು. ಗಲಾಟೆ ಎದ್ದರೆ ಆ ಜನ ರಾತ್ರೋರಾತ್ರಿ ಊರು ಬಿಡುತ್ತಾರೆ. ಸಿಮೆಂಟ್ ಟ್ಯಾಂಕು, ಪಿವಿಸಿ ಸಬ್‌ಮೇನ್ ಕಟ್ಟಿಸಿದರೆ ಅಲ್ಲೇ ಬಿಟ್ಟು ಹೋಗಬೇಕು. ಡೀಸೆಲ್ ಪಂಪು ಇದ್ದರೆ ಬಂದೂಕಿನವರು ಮೊದಲು ಹೊರುವುದು ಅದನ್ನೇ. ಪೈಪು ಸುತ್ತಿ ಬಕೆಟ್ಟಿನೊಳಗೆ ಇಟ್ಟು ಒಬ್ಬ ಹೆಂಗಸು ತಲೆಯ ಮೇಲೆ ಹೊತ್ತು ನಡೆಯಬಲ್ಲಷ್ಟು ಇರಬೇಕು ನಿನ್ನ ಸಾಮಾನು. ಬಿಚ್ಚಿ ಸುತ್ತುವುದನ್ನೂ ಪಾಠದಲ್ಲಿ ಸೇರಿಸು.

ಮೂರನೆಯದು, ಯಾರಿಗೆ ಕೊಡುತ್ತೀ ಎಂಬುದು. ಒಂದೇ ಕುಲದವರಿಗೆ ಕೊಟ್ಟರೆ ನಿನ್ನ ಬಕೆಟ್ಟೇ ಜಗಳದ ಮೂಲವಾಗುತ್ತದೆ. ಎಲ್ಲರೂ ಬರುವ ಕಡೆ, ಶಾಲೆಯ ಅಂಗಳದಲ್ಲೋ ಆಸ್ಪತ್ರೆಯ ಪಕ್ಕದಲ್ಲೋ ಮೊದಲ ಮಡಿ ಮಾಡು. ನೋಡಿದವರು ತಾವಾಗಿ ಕೇಳಲಿ.

ನಾಲ್ಕನೆಯದು, ರಸ್ತೆ. ಮೇ ತಿಂಗಳ ನಂತರ ಆ ಎರೆ ಮಣ್ಣಿನ ರಸ್ತೆಯಲ್ಲಿ ಲಾರಿ ಹೋಗುವುದಿಲ್ಲ. ಬಿಡಿ ಸಾಮಾನು ಮೊದಲೇ ಒಯ್ದಿಡು.

ಬೀಜದಕ್ಕ_ಹಿರೇಕೆರೂರು

ನಮ್ಮ ಸೈನಿಕ ಅಣ್ಣ ಹೇಳಿದ್ದು ಓದಿ ಮನಸ್ಸು ಭಾರವಾಯಿತು. ಆದರೆ ತಲೆಯ ಮೇಲೆ ಹೊರುವ ಹೆಂಗಸಿನ ಮಾತು ಬಂದಾಗ ನನಗೂ ಹೇಳಬೇಕೆನಿಸಿತು.

ನಮ್ಮ ತಾಲ್ಲೂಕಿನಲ್ಲಿ, ರಾಣೆಬೆನ್ನೂರಿನಲ್ಲಿ ಹೈಬ್ರಿಡ್ ಬೀಜದ ಕೆಲಸ ನಿಂತಿರುವುದು ಹೆಂಗಸರ ಬೆರಳಿನ ಮೇಲೆ. ಮೊಗ್ಗು ಬಿಡಿಸುವುದು, ಪರಾಗ ಮುಟ್ಟಿಸುವುದು, ಕಾಯಿಗೆ ಗುರುತು ಕಟ್ಟುವುದು ಎಲ್ಲ ನಮ್ಮದೇ. ಆದರೆ ಡ್ರಿಪ್ ತರಬೇತಿ ಎಂದರೆ ಚೀಟಿ ಬರುವುದು ಗಂಡಸಿನ ಹೆಸರಿಗೆ, ಪಹಣಿ ಅವರ ಹೆಸರಲ್ಲಿದೆ ಎಂದು. ಅವರು ಹೋಗಿ ಊಟ ಮಾಡಿ, ಬ್ಯಾಗು ತೆಗೆದುಕೊಂಡು ಬರುತ್ತಾರೆ. ಮರುದಿನ ಫಿಲ್ಟರ್ ತೊಳೆಯುವವರು ನಾವು. ಹೇಗೆ ಬಿಚ್ಚಬೇಕೆಂದು ನಮಗೆ ಯಾರೂ ಹೇಳಿರುವುದಿಲ್ಲ.

ದಕ್ಷಿಣ ಸುಡಾನಿನಲ್ಲೂ ನೀರು ತರುವವರು, ಕೈತೋಟ ಮಾಡುವವರು ಹೆಂಗಸರೇ. ಗಂಡಸರು ದನಗಳ ಹಿಂದೆ ನದಿ ಬಯಲಿಗೆ ಹೋಗಿರುತ್ತಾರೆ. ಗಲಾಟೆಯ ನಾಡಿನಲ್ಲಿ ಹೆಣ್ಣುಮಕ್ಕಳು ನೀರಿಗೆ, ಸೊಪ್ಪಿಗೆ ದೂರ ಹೋದಷ್ಟೂ ಅಪಾಯ. ಹಾಗಾಗಿ ಮಡಿ ಎಲ್ಲಿರಬೇಕು ಎಂದು ಅವರನ್ನೇ ಕೇಳಿ. ಫೋಟೊಕ್ಕೆ ಚೆನ್ನಾಗಿ ಕಾಣುವ ಜಾಗ ಬೇಡ, ಬಾವಿಗೂ ಮನೆಗೂ ಹತ್ತಿರದ ಜಾಗ ಬೇಕು. ತರಬೇತಿಯ ಹೊತ್ತೂ ಅವರದೇ ಆಗಲಿ. ಬೆಳಿಗ್ಗೆ ನೀರು ತಂದು, ಅಡುಗೆ ಮುಗಿದ ಮೇಲೆ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಬರುವಂತಿರಲಿ. ಪೈಪಿಗೆ ತೂತು ಹೊಡೆಯುವ ಪಂಚನ್ನು ಮೊದಲು ಅವರ ಕೈಗೆ ಕೊಡಿ, ನೀವು ಹೊಡೆದು ತೋರಿಸುತ್ತ ನಿಲ್ಲಬೇಡಿ.

ಸವಣೂರು_ಎಲೆತೋಟ

ಅಕ್ಕಾ, ಈ ಮಾತನ್ನು ನಮ್ಮ ತಾಲ್ಲೂಕಿನ ಕಚೇರಿಗೂ ಕೇಳುವಂತೆ ಹೇಳಬೇಕು.

ಕಪ್ಪತಗುಡ್ಡದ_ಕಡೆಯವ

ಇಷ್ಟೆಲ್ಲ ಪ್ಲಾಸ್ಟಿಕ್ ಯಾಕೆ? ಗಡಿಗೆ ಹೂಳಿದರೆ ಮುಗಿಯಿತು. ನಮ್ಮ ಶಿರಹಟ್ಟಿ ಕಡೆ ಮಸಾರಿ ಹೊಲದಲ್ಲಿ ಮಾವಿನ ಸಸಿಗಳನ್ನು ಗಡಿಗೆ ನೀರಿನಿಂದಲೇ ಬದುಕಿಸಿದ್ದೇವೆ. ಸುಟ್ಟ ಮಣ್ಣಿನ ಗಡಿಗೆ ಕುತ್ತಿಗೆಯವರೆಗೆ ಹೂಳಿ ನೀರು ತುಂಬಿ ಮುಚ್ಚಿದರೆ ತಾನಾಗಿ ಜಿನುಗುತ್ತದೆ. ಪೈಪಿಲ್ಲ, ಫಿಲ್ಟರ್ ಇಲ್ಲ, ಇಲಿ ಕಡಿಯುವುದಿಲ್ಲ. ಹೊರಗಿನಿಂದ ಬಂದ ಪೈಪು ಹರಿದ ದಿನ ನಿಮ್ಮ ಯೋಜನೆಯೂ ಮುಗಿಯುತ್ತದೆ.

ನೀರುಲೆಕ್ಕ_ಧಾರವಾಡ

ಗಡಿಗೆ ನೀರಾವರಿ ಬಹಳ ಹಳೆಯದು, ಒಳ್ಳೆಯದು. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಅದನ್ನು ಬರೆದಿಟ್ಟಿದ್ದಾರೆ. ಮೇಘಾಲಯದ ಜಯಂತಿಯಾ ಬೆಟ್ಟಗಳಲ್ಲಿ ಬಿದಿರಿನ ಕೊಳವೆಯಿಂದ ಹನಿ ನೀರು ಕೊಡುವ ಪದ್ಧತಿಯೂ ಇದೆ. ಆದರೆ ಎರೆ ಮಣ್ಣಿನಲ್ಲಿ ಹೂಳಿದ ಗಡಿಗೆಯನ್ನು ಮಣ್ಣು ಹಿಗ್ಗಿ ಕುಗ್ಗಿ ಒಡೆದುಹಾಕುತ್ತದೆ. ಊರು ಬಿಟ್ಟು ಓಡುವಾಗ ಗಡಿಗೆ ಹೊರಲಾಗುವುದಿಲ್ಲ. ಜೊತೆಗೆ ಹೂಳಲು ಅಗೆಯಲೇಬೇಕು, ಸೈನಿಕರು ಅದರ ಅಪಾಯ ಹೇಳಿದ್ದಾರೆ.

ಕಪ್ಪತಗುಡ್ಡದ_ಕಡೆಯವ

ಹಿತ್ತಿಲಲ್ಲಿ ಒಂದು ಅಡಿ ಗುಂಡಿ ತೋಡುವುದಕ್ಕೂ ಮಡಿ ಅಗೆಯುವುದಕ್ಕೂ ಏನು ವ್ಯತ್ಯಾಸ ಸರ್? ಮಡಿ ಮಾಡಬಹುದಾದರೆ ಗಡಿಗೆಯೂ ಹೂಳಬಹುದು. ನದಿ ದಂಡೆಯ ಮರಳು ಮಣ್ಣಿಗೆ ಗಡಿಗೆ, ಎರೆಗೆ ಪೈಪು ಎಂದು ಎರಡನ್ನೂ ಕಲಿಸಲಿ. ಪೈಪು ಸಿಗದ ದಿನಕ್ಕೆ ಒಂದು ದಾರಿ ಇರಬೇಕು ಎಂಬುದಷ್ಟೇ ನನ್ನ ವಾದ.

ನೀರುಲೆಕ್ಕ_ಧಾರವಾಡ

ಅದನ್ನು ಒಪ್ಪುತ್ತೇನೆ.

ಈಗ ಎಲ್ಲರೂ ಮರೆತಿರುವ ಲೆಕ್ಕ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಒಣ ಹವೆಯಲ್ಲಿ ತರಕಾರಿಗೆ ದಿನಕ್ಕೆ 5 ಮಿಲಿಮೀಟರ್ ಹಿಡಿಯಿರಿ. 15 ಮೀಟರ್ ಉದ್ದ, ಒಂದು ಮೀಟರ್ ಅಗಲದ ಒಂದೇ ಮಡಿಯಲ್ಲಿ ಎರಡು ಸಾಲು ಪೈಪು ಎಳೆದರೆ 15 ಚದರ ಮೀಟರ್, ದಿನಕ್ಕೆ 75 ಲೀಟರ್. ಹನಿ ನೀರು ಬೇರಿನ ಸುತ್ತ ಮಾತ್ರ ಬೀಳುವುದರಿಂದ, ಮೇಲೆ ಹುಲ್ಲು ಮುಚ್ಚಿದರೆ 60 ಲೀಟರ್‌ಗೆ ಇಳಿಸಬಹುದು. ಅಂದರೆ ದಿನಕ್ಕೆ ಮೂರು ಬಕೆಟ್. ಬೆಳಿಗ್ಗೆ ಎರಡು, ಸಂಜೆ ಒಂದು. ಒಂದು ಮನೆಗೆ ಇದು ಹೊರೆಯಲ್ಲ.

ಆದರೆ ಆಸೆಪಟ್ಟು 200 ಲೀಟರ್ ಡ್ರಮ್ ಇಟ್ಟು 100 ಚದರ ಮೀಟರ್ ಮಾಡಿದರೆ ದಿನಕ್ಕೆ 500 ಲೀಟರ್. 20 ಲೀಟರ್ ಕ್ಯಾನಿನಲ್ಲಿ 25 ಸಲ ಹೊರಬೇಕು. ಹೊರುವವರು ಯಾರು? ಬೀಜದಕ್ಕ ಹೇಳಿದ ಅದೇ ಹೆಂಗಸರು. ಹನಿ ನೀರಾವರಿ ನೀರು ಉಳಿಸುತ್ತದೆ, ನೀರು ಎತ್ತುವುದಿಲ್ಲ. ಡ್ರಮ್ಮಿಗೆ ಹೋಗುವುದಾದರೆ ಜೊತೆಗೆ ಕಾಲಿನಿಂದ ತುಳಿಯುವ ಪಂಪು ಇರಲೇಬೇಕು. ಬಾಂಗ್ಲಾದೇಶದಲ್ಲಿ ಬಿದಿರಿನ ತುಳಿಪಂಪು ಬಡ ರೈತರ ಮನೆಮನೆಗೆ ಹೋಯಿತು. ಆದರೆ ನೀರು 7 ಮೀಟರ್‌ಗಿಂತ ಆಳದಲ್ಲಿದ್ದರೆ ಅದು ಹೀರುವುದಿಲ್ಲ. ನದಿ ದಂಡೆಯಲ್ಲಿ ಸಾಮಾನ್ಯವಾಗಿ ತೊಂದರೆಯಾಗದು.

ಬ್ಯಾಡಗಿ_ಕೆಂಪು

ಕಟ್ಟಿಕೊಳ್ಳುವುದರ ಬಗ್ಗೆ ಕೇಳಿದ್ದಿರಿ. ಬೋರ್‌ವೆಲ್ ನೀರಾದರೆ ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ. ನಾವು ಆಸಿಡ್ ಬಿಡುತ್ತೇವೆ, ನೀವು ಅಲ್ಲಿ ಆಸಿಡ್ ಮುಟ್ಟಲೇಬೇಡಿ. ಮಕ್ಕಳಿರುವ ಮನೆ, ಆಸ್ಪತ್ರೆ ದೂರ. ನಿಂಬೆರಸದ ನೀರಿನಲ್ಲೋ ವಿನೆಗರ್‌ನಲ್ಲೋ ರಾತ್ರಿ ನೆನೆಸಿಟ್ಟು ತೊಳೆದರೆ ಸಾಕಷ್ಟು ಬಿಡುತ್ತದೆ.

ನದಿ ನೀರಾದರೆ ಮಣ್ಣಿನ ಕಸ. ಅದಕ್ಕೆ ಎರಡು ಪಾತ್ರೆ ಬೇಕು. ಒಂದರಲ್ಲಿ ರಾತ್ರಿಯಿಡೀ ನೀರು ನಿಲ್ಲಿಸಿ, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಹಳೆಯ ಸೀರೆಯ ನಾಲ್ಕು ಮಡಿಕೆಯಲ್ಲಿ ಸೋಸಿ ಬಕೆಟ್ಟಿಗೆ ಹಾಕಬೇಕು. ಬಕೆಟ್ಟಿನ ತಳಕ್ಕೇ ಪೈಪು ಕೂರಿಸಬೇಡಿ, ಎರಡು ಬೆರಳು ಮೇಲೆ ಕೂರಿಸಿ, ಉಳಿದ ಕೆಸರು ಕೆಳಗೆ ನಿಲ್ಲಲಿ. ಬಿಸಿಲು ತೂರುವ ಬಿಳಿ ಬಕೆಟ್ ಬೇಡ, ಪಾಚಿ ಬರುತ್ತದೆ. ಕಪ್ಪು ಬಕೆಟ್, ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಮಲೇರಿಯಾ ನಾಡು ಅದು.

ಮೇಷ್ಟ್ರು_ಕುಂದಗೋಳ

ಇದಕ್ಕೆ ಒಂದು ಸೇರಿಸುತ್ತೇನೆ. ಉತ್ತರದ ಸುಡಾನಿನಲ್ಲಿ ನೈಲ್ ದಂಡೆಯ ಹೆಂಗಸರು ನುಗ್ಗೆ ಬೀಜ ಅರೆದು ರಾಡಿ ನೀರಿಗೆ ಹಾಕಿ ತಿಳಿ ಮಾಡಿಕೊಳ್ಳುತ್ತಿದ್ದರು. ಆ ಜಾಣತನ ಅವರ ನೆರೆಯಲ್ಲೇ ಇದೆ. ನುಗ್ಗೆ ನಮ್ಮ ಪ್ರತಿ ಹಿತ್ತಿಲಲ್ಲೂ ಇದೆ, ಹೋಗುವ ಮೊದಲು ಮಾಡಿ ನೋಡಿ.

ಡ್ರಿಪ್_ಅಂಗಡಿ_ಗದಗ

ಬ್ಯಾಡಗಿಯವರು ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. ಹಾಗಿದ್ದರೆ ನಾನೂ ಅಂಗಡಿಯ ಗುಟ್ಟು ಹೇಳುತ್ತೇನೆ. ಡ್ರಿಪ್ಪರ್ ಬಿಟ್ಟುಬಿಡಿ, ಮೈಕ್ರೊಟ್ಯೂಬ್ ಹಾಕಿ. ಒಂದೂಕಾಲು ಮಿಲಿಮೀಟರ್ ಒಳತೂತಿನ ಸಣ್ಣ ನಳಿಕೆ. ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತದೆ. ಕಿತ್ತು ಬಾಯಲ್ಲಿ ಊದಿದರೆ, ತಂತಿ ತೂರಿಸಿದರೆ ಸರಿಯಾಗುತ್ತದೆ. ಡ್ರಿಪ್ಪರ್ ಒಳಗೆ ಕಸ ಕೂತರೆ ಎಸೆಯುವುದೇ ಗತಿ. ತೆಳು ಟೇಪ್ ಅಗ್ಗವೆಂದು ಒಯ್ಯಬೇಡಿ, ಆ ಬಿಸಿಲಿಗೆ ಒಂದೆರಡು ಹಂಗಾಮಿಗೆ ಮುಗಿಯುತ್ತದೆ. ದಪ್ಪ ಕಪ್ಪು ಲ್ಯಾಟರಲ್, ಅಂದರೆ ಸಾಲಿನ ಪೈಪು, ತೆಗೆದುಕೊಳ್ಳಿ.

ಎಂಡ್ ಕ್ಯಾಪ್ ಕಳೆದುಹೋದರೆ ಪೈಪಿನ ತುದಿ ಮಡಚಿ, ಅದೇ ಪೈಪಿನ ಎರಡು ಬೆರಳುದ್ದದ ತುಂಡನ್ನು ಉಂಗುರದಂತೆ ತೊಡಿಸಿ. ವಾರಕ್ಕೊಮ್ಮೆ ಅದನ್ನೇ ಬಿಚ್ಚಿ ಪೈಪು ತೊಳೆಯಬಹುದು. ಬೇಡದ ತೂತಿಗೆ ಕಡ್ಡಿ ಕೆತ್ತಿ ಬಡಿದರೆ ಸಾಕು. ಇವೆಲ್ಲ ನಮ್ಮ ರೈತರೇ ಹೊಲದಲ್ಲಿ ಕಂಡುಕೊಂಡದ್ದು.

ನೀರುಲೆಕ್ಕ_ಧಾರವಾಡ

ಮೈಕ್ರೊಟ್ಯೂಬ್ ಒಳ್ಳೆಯ ಸಲಹೆ. ಒಂದೇ ಎಚ್ಚರ: ಅದರಲ್ಲಿ ಹರಿವು ಹೆಚ್ಚು ಕಡಿಮೆ ಎತ್ತರಕ್ಕೆ ನೇರವಾಗಿಯೇ ಬದಲಾಗುತ್ತದೆ, ಆದ್ದರಿಂದ ನೆಲದ ಮಟ್ಟ ಇನ್ನೂ ಮುಖ್ಯ. ನೀರು ಕಡಿಮೆ ಬರುವ ಕಡೆ ನಳಿಕೆಯನ್ನು ಗಿಡ್ಡ ಮಾಡಿ, ಹೆಚ್ಚು ಬರುವ ಕಡೆ ಉದ್ದ ಮಾಡಿ. ಒಂದೇ ಅಳತೆಯ ಲೋಟಗಳನ್ನು ಗಿಡದ ಬುಡಕ್ಕೆ ಇಟ್ಟು ತುಂಬುವುದನ್ನು ನೋಡಿದರೆ ಯಾರಿಗೂ ಅರ್ಥವಾಗುತ್ತದೆ. ಮಕ್ಕಳಿಗಂತೂ ಈ ಕೆಲಸ ಬಹಳ ಹಿಡಿಸುತ್ತದೆ.

ಸವಣೂರು_ಎಲೆತೋಟ

ಪುಕ್ಕಟೆ ಕೊಡುತ್ತೀರೋ, ದುಡ್ಡಿಗೋ? ನಮ್ಮಲ್ಲಿ 90% ಸಹಾಯಧನದಲ್ಲಿ ಡ್ರಿಪ್ ಬಂದಿತು. ಬೇಕಿದ್ದವರು ಚಿನ್ನದಂತೆ ನೋಡಿಕೊಂಡರು. ಸಹಾಯಧನಕ್ಕೆಂದೇ ಹಾಕಿಸಿಕೊಂಡವರ ಪೈಪುಗಳು ದನದ ಕೊಟ್ಟಿಗೆಯ ಮೇಲೆ ಸುತ್ತಿಬಿದ್ದಿವೆ. ಪುಕ್ಕಟೆ ಬಂದದ್ದಕ್ಕೆ ಕಾಳಜಿ ಇರುವುದಿಲ್ಲ.

ಬೀಜದಕ್ಕ_ಹಿರೇಕೆರೂರು

ಅಣ್ಣಾ, ನಮ್ಮ ಮಾತನ್ನು ಅಲ್ಲಿಗೆ ಹಚ್ಚಬೇಡಿ. ಮನೆ ಸುಟ್ಟು, ದನ ಕಳೆದುಕೊಂಡು ಬಂದವರ ಹತ್ತಿರ ಯಾವ ದುಡ್ಡು ಕೇಳುತ್ತೀರಿ? ಅವರ ಪಾಲು ಬೇರೆ ರೂಪದಲ್ಲಿರಲಿ. ಬೇಲಿ ಅವರು ಕಟ್ಟಲಿ, ಮಡಿ ಅವರು ಮಾಡಲಿ, ಕಟ್ಟೆಗೆ ಮಣ್ಣು ಅವರು ಹೊರಲಿ. ಅಷ್ಟು ಮೈಮುರಿದು ದುಡಿದವರು ಪೈಪು ಬಿಸಾಡುವುದಿಲ್ಲ.

ಡ್ರಿಪ್_ಅಂಗಡಿ_ಗದಗ

ಮೊದಲ ಕಿಟ್ ಪುಕ್ಕಟೆ ಇರಲಿ, ತೊಂದರೆಯಿಲ್ಲ. ಆದರೆ ಬಿಡಿ ಸಾಮಾನು ಪುಕ್ಕಟೆ ಹಂಚಬೇಡಿ. ಬೋರ್ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುವವನೋ, ಬೋರ್‌ವೆಲ್ ಕೈಪಂಪು ರಿಪೇರಿ ಮಾಡುವವನೋ ಇದ್ದೇ ಇರುತ್ತಾನೆ. ಅವನ ಅಂಗಡಿಯಲ್ಲಿ ಪೈಪು, ಮೈಕ್ರೊಟ್ಯೂಬ್, ಜಾಯಿನರ್ ಇಡಿಸಿ, ಅವನಿಗೂ ನಾಲ್ಕು ಕಾಸು ಸಿಗಲಿ. ನೀವು ವಾಪಸ್ ಬಂದ ಮೇಲೆ ಆ ಊರಲ್ಲಿ ಉಳಿಯುವವನು ಅವನು. ಸಂಸ್ಥೆಗಳು ಉದಾರವಾಗಿ ಎಲ್ಲ ಹಂಚಿ, ಆ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆದು ಬರುತ್ತವೆ.

ಎರೆಹೊಲ_ನವಲಗುಂದ

ಈ ಮಾತು ಹಿಡಿಸಿತು. ನಮ್ಮ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದ್ದರು. ಐದಾರು ಮನೆ ಸೇರಿ ಒಂದು ಪಂಚು, ಒಂದು ಮಟ್ಟದ ಪೈಪು, ಒಂದು ಪೆಟ್ಟಿಗೆ ಬಿಡಿ ಸಾಮಾನು ಇಟ್ಟುಕೊಳ್ಳುವಂತೆ ಮಾಡು.

ತಮ್ಮಾ, ಅಲ್ಲಿಯ ಜನರ ಊಟ ಏನು?

ಮಾಜಿ_ಸೈನಿಕ_ಹಾವೇರಿ

ಜೋಳ, ಯಜಮಾನರೇ! ನಮ್ಮದೇ ಜೋಳ. ಹುದುಗಿಸಿದ ಜೋಳದ ಹಿಟ್ಟಿನಿಂದ ತೆಳ್ಳಗೆ ದೋಸೆಯಂತೆ ಮಾಡುತ್ತಾರೆ, ಕಿಸ್ರಾ ಎನ್ನುತ್ತಾರೆ. ನಾನು ಅಲ್ಲಿ ಮೊದಲ ಸಲ ಜೋಳದ ಹೊಲ ನೋಡಿದಾಗ ಊರಿಗೇ ಬಂದಂತಾಗಿತ್ತು. ಬೆಂಡೆಕಾಯಿಯನ್ನು ಒಣಗಿಸಿ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ.

ಮೇಷ್ಟ್ರು_ಕುಂದಗೋಳ

ಜೋಳ ಮೊದಲು ಬೆಳೆಯಾದದ್ದೇ ಸುಡಾನಿನ ಪೂರ್ವ ಭಾಗದಲ್ಲಿ, ಸುಮಾರು ಐದು ಸಾವಿರ ವರ್ಷಗಳ ಹಿಂದೆ. ಅಲ್ಲಿಂದ ನಮಗೆ ಬಂದದ್ದು. ನಮ್ಮ ರೊಟ್ಟಿಯ ಋಣ ಆ ಕಡೆಯ ರೈತರಿಗಿದೆ, ನರಗುಂದದವರು ಇದನ್ನು ಗಮನಿಸಬೇಕು.

ನರಗುಂದದ_ಮಗ

ಗಮನಿಸಿದೆ ಗುರುಗಳೇ. ಹೋಗಿ ಬರಲಿ, ನನ್ನ ಅಡ್ಡಿಯಿಲ್ಲ. ಜೋಳಕ್ಕೆ ಮಾತ್ರ ಡ್ರಿಪ್ ಹಾಕಲು ಹೋಗಬೇಡ ಎಂದು ಹೇಳಿ, ಅದು ಮಳೆಯ ಬೆಳೆ. ಡ್ರಿಪ್ ಏನಿದ್ದರೂ ತರಕಾರಿಗೆ.

ಕಪ್ಪತಗುಡ್ಡದ_ಕಡೆಯವ

ದನಗಳ ಮಾತು ಯಾರೂ ಎತ್ತಲಿಲ್ಲ. ಒಣ ತಿಂಗಳಲ್ಲಿ ಸುತ್ತ ಎಲ್ಲ ಬೆಂಗಾಡಾಗಿ, ನದಿ ಪಕ್ಕ ನಿಮ್ಮ ಮಡಿ ಮಾತ್ರ ಹಸಿರಾಗಿದ್ದರೆ ದನ ನುಗ್ಗದೆ ಇರುತ್ತವೆಯೇ? ಅಲ್ಲಿಂದ ಜಗಳ ಶುರು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರಿಗಾರರು ಬರುತ್ತಾರೆ. ಹೊಲದಲ್ಲಿ ಕುರಿ ತರುಬಿಸಿ, ಅವರಿಗೆ ಕಾಳು ಕೊಡುತ್ತೇವೆ, ನಮಗೆ ಗೊಬ್ಬರ. ಹಾಗೆ ದನಗಾಹಿಗಳ ಜೊತೆ ಒಪ್ಪಂದ ಮಾಡಿಸಿ, ಸಗಣಿ ಮಡಿಗೆ ಬರಲಿ.

ಮಾಜಿ_ಸೈನಿಕ_ಹಾವೇರಿ

ಯೋಚನೆ ಒಳ್ಳೆಯದು, ಆದರೆ ಅಲ್ಲಿ ಸಗಣಿಗೆ ಬೇರೆ ಕೆಲಸವಿದೆ. ದನದ ಬೀಡುಗಳಲ್ಲಿ ಒಣಗಿಸಿ ಸುಟ್ಟು ಹೊಗೆ ಹಾಕುತ್ತಾರೆ, ಸೊಳ್ಳೆ ಓಡಿಸಲು. ಬೂದಿಯನ್ನು ಮೈಗೆ, ದನಗಳಿಗೆ ಹಚ್ಚುತ್ತಾರೆ. ಅದನ್ನು ಕೇಳಿದರೆ ಸುಲಭವಾಗಿ ಸಿಗದು. ಅಡುಗೆಮನೆ ಕಸ, ಬೆಳೆಯ ಕಡ್ಡಿಯಿಂದ ಕಾಂಪೋಸ್ಟ್ ಮಾಡಿಸುವುದೇ ಸರಿ.

ಆದರೆ ದನಗಾಹಿಗಳ ಜೊತೆ ಮೊದಲು ಕೂತು ಮಾತನಾಡಬೇಕೆಂಬುದು ನೂರಕ್ಕೆ ನೂರು ನಿಜ. ನೀರಿಗೆ ದನ ಇಳಿಯುವ ದಾರಿಯನ್ನು ಬಿಟ್ಟು ಮಡಿ ಹಾಕಬೇಕು. ಆ ದಾರಿ ಕಾಗದದಲ್ಲಿ ಇರುವುದಿಲ್ಲ, ಎರಡೂ ಕಡೆಯ ಹಿರಿಯರನ್ನು ಕರೆದುಕೊಂಡು ನಡೆದು ನೋಡಬೇಕು. ಕೈಪಂಪಿನ ಪಕ್ಕ ಮಡಿ ಮಾಡುವುದಾದರೆ ದನಕ್ಕೆ ಒಂದು ತೊಟ್ಟಿ ಮೊದಲು ಕಟ್ಟಿಸು, ಆಮೇಲೆ ಬೇಲಿ ಹಾಕಿಸು. ಕ್ರಮ ಹಿಂದುಮುಂದಾದರೆ ಬೇಲಿ ಉಳಿಯುವುದಿಲ್ಲ. ಮುಳ್ಳು ಬೇಲಿ ಕಟ್ಟುವುದು ಅವರಿಗೆ ಚೆನ್ನಾಗಿ ಗೊತ್ತು, ಅದನ್ನು ನೀನು ಕಲಿಸಬೇಕಿಲ್ಲ.

ಬ್ಯಾಡಗಿ_ಕೆಂಪು

ಆಡುಗಳ ಬಗ್ಗೆಯೂ ಎಚ್ಚರ. ಬಾಯಾರಿದ ಆಡು ಪೈಪನ್ನೇ ಕಚ್ಚುತ್ತದೆ. ನಮ್ಮಲ್ಲಿ ಇಲಿ, ಅಳಿಲು ಮಾಡುವ ಕೆಲಸ ಅಲ್ಲಿ ಆಡು ಮಾಡುತ್ತದೆ. ಮಧ್ಯಾಹ್ನ ನೀರು ಬಿಡಬೇಡಿ, ಪೈಪಿನೊಳಗಿನ ನೀರು ಕಾದು ಎಳೆ ಸಸಿಯ ಬೇರು ಸುಡುತ್ತದೆ.

ರಾಣೆಬೆನ್ನೂರು_ಹುಡುಗ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ತಿಳಿವಳಿಕೆ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ. ಸಂಸ್ಥೆಯವರ ಜೊತೆ ಮಾತನಾಡಿದೆ. ಡ್ರಮ್ ಬೇಡ, ಬಕೆಟ್‌ನಿಂದಲೇ ಶುರು ಎಂದು ಒಪ್ಪಿದ್ದಾರೆ. ತೆಳು ಟೇಪ್ ಬದಲು ದಪ್ಪ ಲ್ಯಾಟರಲ್, ಮೈಕ್ರೊಟ್ಯೂಬ್ ಕೇಳಿದ್ದೇನೆ. ಮಡಿ ಕಟ್ಟಿ ಹುಲ್ಲು ಮುಚ್ಚಿಡಲು ಅಲ್ಲಿನ ಕಾರ್ಯಕರ್ತೆಯರಿಗೆ ಈಗಲೇ ಸುದ್ದಿ ಹೋಗಿದೆ. ಫಲಾನುಭವಿಗಳ ಪಟ್ಟಿ ಮೊದಲೇ ತಯಾರಾಗಿತ್ತು, ಅದನ್ನು ತಡೆಹಿಡಿದು ಮೊದಲು ಶಾಲೆಯ ಅಂಗಳದಲ್ಲಿ ಮಾಡೋಣ ಎಂದು ನಾನು ಹಟ ಹಿಡಿದಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಒಂದು ಸಂದೇಹ ಉಳಿದಿದೆ. ಇಲ್ಲಿಂದ ಬೆಂಡೆ, ಬದನೆ ಬೀಜ ಒಯ್ಯಲೇ?

ಬೀಜದಕ್ಕ_ಹಿರೇಕೆರೂರು

ಹೈಬ್ರಿಡ್ ಒಯ್ಯಬೇಡಿ ತಮ್ಮಾ. ಬೀಜದ ಊರಿನವಳಾಗಿ ಹೇಳುತ್ತಿದ್ದೇನೆ. ಅದರ ಬೀಜ ಮರುವರ್ಷ ಅದೇ ರೀತಿ ಬರುವುದಿಲ್ಲ. ಮತ್ತೆ ಕೊಳ್ಳಲು ಅವರಿಗೆ ಪೇಟೆಯೂ ಇಲ್ಲ, ರಸ್ತೆಯೂ ಇಲ್ಲ. ಅಲ್ಲಿನ ಹೆಂಗಸರ ಹತ್ತಿರ ಅವರದೇ ಬೆಂಡೆ, ಅಲಸಂದೆ, ಸೊಪ್ಪಿನ ಬೀಜ ಇರುತ್ತದೆ. ಪೂರದಲ್ಲಿ ಕಳೆದುಕೊಂಡವರಿಗೆ ಉಳಿಸಿಕೊಂಡವರಿಂದ ಕೊಡಿಸಿ. ಬೀಜ ಒಣಗಿಸಿ ಬೂದಿ ಬೆರೆಸಿ ಬಾಟಲಿಯಲ್ಲಿ ಮುಚ್ಚಿಡುವುದನ್ನು ಹೇಳಿಕೊಡಿ, ಓಡುವಾಗ ಬಾಟಲಿಯೂ ಬಕೆಟ್ಟಿನೊಳಗೆ ಹಿಡಿಯುತ್ತದೆ.

ಮೇಷ್ಟ್ರು_ಕುಂದಗೋಳ

ಬೇರೆ ದೇಶಕ್ಕೆ ಬೀಜ ಒಯ್ಯಲು ಸಸ್ಯ ಆರೋಗ್ಯದ ಪ್ರಮಾಣಪತ್ರವೂ ಬೇಕು, ಜೇಬಿನಲ್ಲಿ ಹಾಕಿಕೊಂಡು ಹೋಗುವಂತಿಲ್ಲ.

ಡ್ರಿಪ್_ಅಂಗಡಿ_ಗದಗ

ತಮ್ಮಾ, ಹೋಗುವ ಮೊದಲು ಗದಗಿನ ಕಡೆ ಬಂದರೆ ನಮ್ಮ ಅಂಗಡಿಯ ಹಿಂದೆ ಒಂದು ಬಕೆಟ್ ಕೂರಿಸಿ ನೋಡೋಣ, ಲೋಟ ಇಟ್ಟು ಅಳೆಯೋಣ. ಲೆಕ್ಕದ ಸರ್ ಕೂಡ ಬರಲಿ.

ನೀರುಲೆಕ್ಕ_ಧಾರವಾಡ

ಬರುತ್ತೇನೆ. ಮಟ್ಟದ ಪೈಪು ನನ್ನ ಹತ್ತಿರವಿದೆ.

ಎರೆಹೊಲ_ನವಲಗುಂದ

ಅಂಗಡಿಯ ಹಿಂದಿನ ಗಟ್ಟಿ ನೆಲದಲ್ಲಿ ಏನು ತಿಳಿಯುತ್ತದೆ? ನನ್ನ ಹೊಲಕ್ಕೆ ಬನ್ನಿ. ಎರೆ ನೆಲವೂ ಇದೆ, ಕೃಷಿ ಹೊಂಡದ ರಾಡಿ ನೀರೂ ಇದೆ, ಮನೆಯಲ್ಲಿ ಆಡೂ ಇದೆ. ಊಟಕ್ಕೆ ರೊಟ್ಟಿ ಮಾಡಿಸುತ್ತೇನೆ.

ಡ್ರಿಪ್_ಅಂಗಡಿ_ಗದಗ

ಆಯಿತು ಯಜಮಾನರೇ, ಭಾನುವಾರ ಪೈಪು ತೆಗೆದುಕೊಂಡು ಬರುತ್ತೇವೆ. ಬಕೆಟ್ ಇಡಲು ಒಂದು ಮೀಟರ್ ಎತ್ತರದ ಕಟ್ಟೆ ಮಾತ್ರ ನೀವೇ ಕಟ್ಟಿಸಿಡಿ.